ಪೀಣ್ಯದ ಹಳೇ ತಾರಸಿಗೆ ಫೋಮ್: ಎಲ್ಲಿ ಹೊಡೆಸಿದೆವು, ಎಲ್ಲಿ ಬೇಡವೆಂದೆವು

ಬೆಂಗಳೂರಿನ ಪೀಣ್ಯದಲ್ಲಿ 1980ರ ದಶಕದ ಆರಂಭದಲ್ಲಿ ಕಟ್ಟಿದ ಒಂದು ಕಾರ್ಖಾನೆಯ ಛಾವಣಿ ದುರಸ್ತಿಯ ಪ್ರಕರಣ ಇದು. ಕಟ್ಟಡ ದುರಸ್ತಿಯ ಸಲಹೆಗಾರನಾಗಿ ನಾನು ಮೊದಲಿನಿಂದ ಅದರಲ್ಲಿದ್ದೆ. ಕಾರ್ಖಾನೆ ಯಾವುದು, ಗುತ್ತಿಗೆದಾರರು ಯಾರು ಎಂಬ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಹಳೇ ಕಾರ್ಖಾನೆ, ಗೋದಾಮು, ಕಲ್ಯಾಣ ಮಂಟಪಗಳ ಮಾಲೀಕರಿಗೆ ಈಗ ಸ್ಪ್ರೇ ಫೋಮ್ (ಗನ್ನಿನಿಂದ ಹೊಡೆದೊಡನೆ ಉಬ್ಬಿ ಗಟ್ಟಿಯಾಗುವ ಹೊದಿಕೆ) ಮಾರುವವರು ವಾರಕ್ಕೊಬ್ಬರು ಸಿಗುತ್ತಾರೆ. 'ಸೋರೋದೂ ನಿಲ್ಲುತ್ತೆ, ಸೆಕೆನೂ ಇಳಿಯುತ್ತೆ, ಹಳೇದು ಏನೂ ಕೀಳೋ ಹಾಗಿಲ್ಲ' ಎನ್ನುವುದು ಅವರ ಮಾತು. ಮೊದಲ ಎರಡು ನಿಜವಾಗಬಲ್ಲವು. ಮೂರನೆಯದನ್ನು ನಂಬಿದರೆ ಮೊದಲೆರಡೂ ಕೈತಪ್ಪುತ್ತವೆ ಎನ್ನುವುದಕ್ಕೆ ಈ ಕಟ್ಟಡ ಒಳ್ಳೆಯ ಉದಾಹರಣೆ.

ಹಿನ್ನೆಲೆ

ಕಾರ್ಖಾನೆಗೆ ಎರಡು ಥರದ ಛಾವಣಿ ಇತ್ತು. ಹಿಂಭಾಗದ ಮಷಿನ್ ಶಾಪಿಗೆ ಕಬ್ಬಿಣದ ಟ್ರಸ್ ಮೇಲೆ ಸಿಮೆಂಟ್ ಶೀಟು, ಅಂದರೆ ಆಸ್ಬೆಸ್ಟಾಸ್ ಶೀಟು. ಮುಂಭಾಗದಲ್ಲಿ ಎರಡು ಅಂತಸ್ತಿನ ಆರ್‌ಸಿಸಿ ಕಟ್ಟಡ: ಕೆಳಗೆ ಸ್ಟೋರ್ಸ್, ಮೇಲೆ ಆಫೀಸು, ಪ್ಯಾಕಿಂಗ್ ಮತ್ತು ತಯಾರಾದ ಬಿಡಿಭಾಗಗಳ ಅಳತೆ ನೋಡುವ ಕೊಠಡಿ. ಮುಂಭಾಗದ ತಾರಸಿ ಸುಮಾರು 7,000 ಚದರ ಅಡಿ, ಅಂದರೆ 650 ಚದರ ಮೀಟರ್.

ಅಳತೆ ಕೊಠಡಿಯೇ ಈ ಕಥೆಯ ಕೇಂದ್ರ. ಮೈಕ್ರಾನ್ ಲೆಕ್ಕದಲ್ಲಿ ಲೋಹದ ಅಳತೆ ನೋಡುವವರೆಲ್ಲ ಒಪ್ಪಿಕೊಂಡ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್. ಬಿಸಿಲು ನೇರವಾಗಿ ಕಾಯಿಸುವ ತಾರಸಿಯ ಕೆಳಗೆ ಅದನ್ನು ಕಾಯ್ದುಕೊಳ್ಳಲು ಏಪ್ರಿಲ್ ತಿಂಗಳಲ್ಲಿ ಏಸಿಗಳು ಬಿಡುವಿಲ್ಲದೆ ಓಡುತ್ತಿದ್ದವು. ಮಳೆಗಾಲದಲ್ಲಿ ಅದೇ ಕೊಠಡಿಯ ಗ್ರಾನೈಟ್ ಸರ್ಫೇಸ್ ಪ್ಲೇಟಿನ (ಅಳತೆಗೆ ಆಧಾರವಾದ ಸಮತಟ್ಟು ಕಲ್ಲು) ಮೇಲೆ ಪ್ಲಾಸ್ಟಿಕ್ ಶೀಟು ಹೊದಿಸಿ ಬಕೆಟ್ ಇಡುತ್ತಿದ್ದರು. 2021ರ ನವೆಂಬರಿನ ಅಕಾಲ ಮಳೆಗೆ ಪ್ಯಾಕಿಂಗ್ ಮಾಡಿಟ್ಟ ಒಂದು ಕನ್‌ಸೈನ್‌ಮೆಂಟ್ ಪೂರ್ತಿ ತುಕ್ಕು ಹಿಡಿಯಿತು. ಅದಾದ ಮೇಲೆ ನನ್ನನ್ನು ಕರೆದರು. ಕಾರ್ಖಾನೆ ನಡೆಸುತ್ತಿದ್ದವರು ಅದನ್ನು ಕಟ್ಟಿದವರ ಮಗಳು. ಮಾರ್ಚ್ ಕೊನೆಗೆ ದೊಡ್ಡ ಗ್ರಾಹಕರೊಬ್ಬರ ಆಡಿಟ್ ಇದೆ, ಅಷ್ಟರೊಳಗೆ ಮುಗಿಯಬೇಕು ಎಂದರು.

ತಾರಸಿಗೆ ನಲವತ್ತು ವರ್ಷದ ಚರಿತ್ರೆಯಿತ್ತು. ಮೂಲದಲ್ಲಿ ಸ್ಲ್ಯಾಬ್ ಮೇಲೆ ಇಟ್ಟಿಗೆ ಚೂರು ಹಾಕಿ ವಾಟ ಕೊಟ್ಟ ಸುರ್ಕಿ ಗಾರೆ. ಅದು ಬಿರುಕು ಬಿಟ್ಟಾಗ ಮೇಲೆ ಟಾರ್ ಫೆಲ್ಟ್. ಅದು ಬಿಸಿಲಿಗೆ ಸುರುಟಿಕೊಂಡಾಗ ಅರ್ಧ ತಾರಸಿಗೆ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದು ಅಂಟಿಸುವ ಮೆಂಬ್ರೇನ್, ಅಂದರೆ ನೀರು ತಡೆಯುವ ಟಾರಿನ ಹಾಳೆ. ಆಮೇಲೆ ಎರಡು ವರ್ಷಕ್ಕೊಮ್ಮೆ ಬಿಳಿ ವಾಟರ್‌ಪ್ರೂಫ್ ಪೇಂಟು. ಪ್ರತಿ ಸಲವೂ ಹಿಂದಿನವರು ಮಾಡಿದ್ದರ ಮೇಲೆಯೇ ಹೊಸದು ಕೂತಿತ್ತು. ಮೂವತ್ತು ವರ್ಷದಿಂದ ಅಲ್ಲೇ ಇದ್ದ ಮೇಂಟೆನೆನ್ಸ್ ಮೇಸ್ತ್ರಿ ಮೊದಲ ದಿನವೇ ಒಂದು ಮುಖ್ಯ ಮಾತು ಹೇಳಿದರು: "ಸಾರ್, ಮಳೆ ನಿಂತ್ ಮೂರ್ ದಿನ ಆದ್ಮೇಲೂ ಒಳಗಡೆ ತೊಟ್ಟಿಕ್ತಾನೇ ಇರುತ್ತೆ." ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತದೆ ಎಂದರೆ ನೀರು ಮೇಲೆ ಎಲ್ಲೋ ಕೂಡಿಟ್ಟುಕೊಂಡಿದೆ ಎಂದೇ ಅರ್ಥ.

ಮೂರು ಕೊಟೇಶನ್

ಮಾಲೀಕರ ಮೇಜಿನ ಮೇಲೆ ಆಗಲೇ ಮೂರು ಕೊಟೇಶನ್ ಇದ್ದವು. ಒಬ್ಬರು ಮತ್ತೆ ಮೆಂಬ್ರೇನ್ ಹಾಕುತ್ತೇವೆ ಎಂದಿದ್ದರು. ಇನ್ನೊಬ್ಬರು ತಾರಸಿಯ ಮೇಲೆ ಪೂರ್ತಿ ಟ್ರಸ್ ನಿಲ್ಲಿಸಿ ಕಲರ್ ಶೀಟು ಹೊದಿಸುತ್ತೇವೆ ಎಂದಿದ್ದರು. ಮೂರನೆಯದು ಸ್ಪ್ರೇ ಪಾಲಿಯುರೆಥೇನ್ ಫೋಮ್. ನಮ್ಮಲ್ಲಿ ಎಲ್ಲರೂ 'ಪಫ್' ಎಂದೇ ಕರೆಯುವ ವಸ್ತು ಅದು. ಆರ್‌ಸಿಸಿ ತಾರಸಿಗೂ ಸಿಮೆಂಟ್ ಶೀಟಿಗೂ ಸೇರಿಸಿ ಒಂದೇ ದರ ಹಾಕಿದ್ದರು. 'ಹಳೆಯ ಪದರ ಕೀಳುವ ಅಗತ್ಯವಿಲ್ಲ' ಎಂಬ ಸಾಲಿನ ಕೆಳಗೆ ಗೆರೆ ಎಳೆದಿತ್ತು.

ಪಾಲಿಯುರೆಥೇನ್ ರಸಾಯನವನ್ನು 1937ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ಒಟ್ಟೊ ಬೇಯರ್ ಮತ್ತು ಅವರ ಸಂಗಡಿಗರು ಕಂಡುಹಿಡಿದರು. ಛಾವಣಿಗೆ ಅದು ಬರುವುದು ಎರಡು ಡ್ರಮ್ಮುಗಳಲ್ಲಿ. ಒಂದರಲ್ಲಿ ಐಸೊಸಯನೇಟ್, ಹುಡುಗರ ಬಾಯಲ್ಲಿ ಬರೀ 'ಐಸೊ'. ಇನ್ನೊಂದರಲ್ಲಿ ಪಾಲಿಯೋಲ್, ಜೊತೆಗೆ ಉಬ್ಬಿಸುವ ರಾಸಾಯನಿಕ, ಬೆಂಕಿ ತಡೆಯುವ ರಾಸಾಯನಿಕ, ಕ್ಯಾಟಲಿಸ್ಟ್. ಎರಡನ್ನೂ ಕಾಯಿಸಿ, ಸಮ ಪ್ರಮಾಣದಲ್ಲಿ ಗನ್ನಿನ ಬಾಯಲ್ಲಿ ಬೆರೆಸಿ ಹೊಡೆದರೆ ಕೆಲವೇ ಸೆಕೆಂಡಿನಲ್ಲಿ ಇಪ್ಪತ್ತು ಮೂವತ್ತು ಪಟ್ಟು ಉಬ್ಬಿ ಗಟ್ಟಿಯಾಗುತ್ತದೆ. ಗೋಡೆಗೆ ಹಗುರ ಫೋಮ್ ನಡೆಯುತ್ತದೆ. ಛಾವಣಿಗೆ ಘನ ಮೀಟರಿಗೆ 40ರಿಂದ 48 ಕಿಲೋ ತೂಗುವುದು ಬೇಕು, ಇಲ್ಲದಿದ್ದರೆ ನಡೆದರೆ ಕುಸಿಯುತ್ತದೆ. ಇದರೊಳಗಿನ ಸಣ್ಣ ಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ನೀರು ಸುಲಭಕ್ಕೆ ಒಳಗಿಳಿಯುವುದಿಲ್ಲ. ಆದರೆ ಬಿಸಿಲು ಬಿದ್ದರೆ ಮೈ ಕೆಂಪಗಾಗಿ ಪುಡಿಪುಡಿಯಾಗುತ್ತದೆ. ಹಾಗಾಗಿ ಮೇಲೆ ಕೋಟಿಂಗ್ ಕಡ್ಡಾಯ.

ಫೋಮ್ ಕಡೆಗೆ ನನ್ನ ಮನಸ್ಸು ಒಲಿಯಲು ತೂಕ ಒಂದು ಕಾರಣ. ಇಟ್ಟಿಗೆ ಚೂರಿನ ಗಾರೆ ಸರಾಸರಿ ನಾಲ್ಕು ಇಂಚು ದಪ್ಪ ಇತ್ತು. ಒಂದು ಚದರ ಮೀಟರಿಗೆ ಸುಮಾರು 200 ಕಿಲೋ. ಇಡೀ ತಾರಸಿಗೆ 130 ಟನ್. ಎರಡು ಇಂಚಿನ ಫೋಮ್ ಅಷ್ಟೇ ಜಾಗಕ್ಕೆ ಸುಮಾರು ಒಂದೂವರೆ ಟನ್. ಸ್ಲ್ಯಾಬಿನ ತಳದಲ್ಲಿ ಅಲ್ಲಲ್ಲಿ ಕಾಂಕ್ರೀಟ್ ಉದುರಿ ಕಂಬಿ ಕಾಣುತ್ತಿದ್ದ ಆ ಕಟ್ಟಡದ ತಲೆಯಿಂದ ಅಷ್ಟು ಭಾರ ಇಳಿಸುವುದೇ ದೊಡ್ಡ ಲಾಭ. ಶಾಖದ ಲೆಕ್ಕವೂ ಹಾಗೆಯೇ: ಶಾಖ ತಡೆಯುವುದರಲ್ಲಿ ಐದು ಇಂಚಿನ ಬರೀ ಕಾಂಕ್ರೀಟ್ ಸ್ಲ್ಯಾಬಿಗಿಂತ ಎರಡು ಇಂಚಿನ ಒಳ್ಳೆಯ ಫೋಮ್ ಇಪ್ಪತ್ತು ಪಟ್ಟಿಗೂ ಹೆಚ್ಚು.

ಕೀಳಬೇಕೋ ಬೇಡವೋ

ಮೊದಲ ಜಗಳ ಇಲ್ಲೇ. ಹಳೆಯದನ್ನು ಕೀಳದೆ ಫೋಮ್ ಹೊಡೆಯುವ ಪದ್ಧತಿ ಅಮೆರಿಕದಿಂದ ಬಂದದ್ದು. ಟೆಕ್ಸಸ್ ಎ ಅಂಡ್ ಎಂ ವಿಶ್ವವಿದ್ಯಾಲಯ 1970ರ ದಶಕದಿಂದಲೇ ತನ್ನ ಹಳೆಯ ಕಟ್ಟಡಗಳಿಗೆ ಹೀಗೆ ಮಾಡಿಸುತ್ತ ಬಂದಿದೆ, ಗುತ್ತಿಗೆದಾರರ ಬ್ರೋಷರಿನಲ್ಲೂ ಅದರ ಹೆಸರಿತ್ತು. ಬ್ರೋಷರಿನಲ್ಲಿ ಇಲ್ಲದ್ದು ಇಷ್ಟು: ಅಲ್ಲಿ ಮೊದಲು ಹಳೆಯ ಛಾವಣಿಯಲ್ಲಿ ಎಲ್ಲೆಲ್ಲಿ ನೀರು ಕುಡಿದಿದೆ ಎಂದು ಪತ್ತೆ ಮಾಡುತ್ತಾರೆ, ಆ ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ, ಆಮೇಲೆ ಹೊಡೆಯುತ್ತಾರೆ.

ನಾವು ಐದು ಕಡೆ ಗಾರೆಯನ್ನು ಸ್ಲ್ಯಾಬಿನವರೆಗೂ ಕೊರೆಸಿದೆವು. ಅದು ಡಿಸೆಂಬರ್ ಕೊನೆ, ಮಳೆ ನಿಂತು ಹೆಚ್ಚುಕಡಿಮೆ ತಿಂಗಳಾಗಿತ್ತು. ಪ್ಯಾರಪೆಟ್ ಪಕ್ಕದ ಒಂದು ಗುಂಡಿ ಮಾತ್ರ ಒಣಗಿತ್ತು. ಅಳತೆ ಕೊಠಡಿಯ ನೇರ ಮೇಲಿನ ಗುಂಡಿಯಲ್ಲಿ ಮೇಲಿನ ಬಿಳಿ ಪೇಂಟು, ಅದರ ಕೆಳಗೆ ಕರಿ ಮೆಂಬ್ರೇನ್, ಅದರ ಕೆಳಗೆ ಒಡೆದು ಪುಡಿಯಾದ ಫೆಲ್ಟ್, ಆಮೇಲೆ ಕೆಸರಿನ ಬಣ್ಣದ ಇಟ್ಟಿಗೆ ಚೂರು. ಚೂರನ್ನು ಕೈಯಲ್ಲಿ ಹಿಡಿದು ಒತ್ತಿದರೆ ಬೆರಳ ಸಂದಿಯಲ್ಲಿ ನೀರು ಇಳಿಯಿತು. ಅರ್ಧ ಗಂಟೆಯಲ್ಲಿ ಗುಂಡಿಯ ತಳದಲ್ಲಿ ಒಂದು ಬೆರಳು ನೀರು ಜಿನುಗಿ ನಿಂತಿತು. ಮಾಲೀಕರನ್ನು ಮೇಲಕ್ಕೆ ಕರೆಸಿ ತೋರಿಸಿದೆವು. ನಾನು ಬರೆದುಕೊಡಬೇಕಿದ್ದ ವರದಿಗಿಂತ ಆ ನೋಟವೇ ಹೆಚ್ಚು ಕೆಲಸ ಮಾಡಿತು.

ಅದರ ಮೇಲೆ ಫೋಮ್ ಹೊಡೆದಿದ್ದರೆ ಏನಾಗುತ್ತಿತ್ತು? ಐಸೊ ನೀರಿನ ಜೊತೆ ಸೇರಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟುತ್ತದೆ. ಫೋಮಿನ ತಳ ಹಿಡಿಯುವುದೇ ಇಲ್ಲ, ಗುಳ್ಳೆ ಏಳುತ್ತದೆ. ಹೇಗೋ ಹಿಡಿದರೂ ಒಳಗಿನ ನೀರಿಗೆ ಮೇಲೆ ಆವಿಯಾಗಿ ಹೋಗುವ ದಾರಿ ಮುಚ್ಚಿ, ಎಲ್ಲವೂ ಕೆಳಗೆ, ಅಳತೆ ಕೊಠಡಿಗೆ ಇಳಿಯುತ್ತದೆ. ಕಂಬಿಯ ತುಕ್ಕು ಯಾರ ಕಣ್ಣಿಗೂ ಬೀಳದೆ ಬೆಳೆಯುತ್ತದೆ. ಸ್ಪ್ರೇ ಫೋಮಿನ ಬಗ್ಗೆ ನನಗಿರುವ ದೊಡ್ಡ ಆತಂಕವೇ ಇದು. ಅದು ಎಷ್ಟು ಚೆನ್ನಾಗಿ ಮುಚ್ಚುತ್ತದೆಂದರೆ, ಕೆಳಗಿನ ತಪ್ಪನ್ನೂ ಅಷ್ಟೇ ಚೆನ್ನಾಗಿ ಮುಚ್ಚಿಬಿಡುತ್ತದೆ.

ಪೂರ್ತಿ ಕೀಳುವುದೆಂದು ತೀರ್ಮಾನವಾಯಿತು. ಖರ್ಚು ಏರಿತು, ಧೂಳು, ಸದ್ದು, ಎರಡು ವಾರ ಲಾರಿಗಳ ಓಡಾಟ. ಕೀಳುವಾಗ ಬ್ರೇಕರ್ ಮಷಿನ್ ಬಳಸಬೇಡಿ ಎಂದು ಹಟ ಹಿಡಿದೆ. ತೆಳ್ಳಗಿನ ಹಳೇ ಸ್ಲ್ಯಾಬಿಗೆ ಅದರ ಅದುರು ಒಳ್ಳೆಯದಲ್ಲ. ಉಳಿ ಸುತ್ತಿಗೆಯಲ್ಲೇ ಕಿತ್ತರು. ಸ್ಲ್ಯಾಬ್ ಬಯಲಾದ ಮೇಲೆ ಬಿರುಕುಗಳಿಗೆ ಗ್ರೌಟಿಂಗ್, ತಳದ ಕಂಬಿಗಳಿಗೆ ತುಕ್ಕು ತೆಗೆದು ಪಾಲಿಮರ್ ಗಾರೆ ಎಲ್ಲವೂ ಆಯಿತು. ಅದು ಎಲ್ಲ ಹಳೇ ಕಟ್ಟಡದಲ್ಲೂ ಇರುವುದೇ.

ಈ ಹಂತದಲ್ಲಿ ಇನ್ನೊಂದು ವಿಷಯ ಹೊರಬಿತ್ತು. ರೈನ್‌ವಾಟರ್ ಪೈಪುಗಳ ಬಾಯಿ ಮುಚ್ಚಿ, ತಾರಸಿಯನ್ನು ಮಣ್ಣಿನ ಕಟ್ಟೆಯಲ್ಲಿ ಭಾಗ ಮಾಡಿ, ಒಂದೊಂದು ಭಾಗಕ್ಕೇ ನೀರು ನಿಲ್ಲಿಸಿ ನೋಡಿದೆವು. ಆಫೀಸಿನ ಮೂಲೆಯ ಗೋಡೆ ಒದ್ದೆಯಾಗುವುದಕ್ಕೂ ತಾರಸಿಗೂ ಸಂಬಂಧವೇ ಇರಲಿಲ್ಲ. ಗೋಡೆಯೊಳಗೆ ಹುದುಗಿಸಿದ್ದ ಹಳೇ ಪೈಪು ಒಡೆದಿತ್ತು. ಎಷ್ಟು ಫೋಮ್ ಹೊಡೆದರೂ ಅದು ನಿಲ್ಲುತ್ತಿರಲಿಲ್ಲ, ದೂರು ಮಾತ್ರ ಫೋಮಿನ ಮೇಲೆ ಬರುತ್ತಿತ್ತು. ಹೊರಗಿನಿಂದ ಹೊಸ ಪೈಪು ಇಳಿಸಿದೆವು.

ಸಿಮೆಂಟ್ ಶೀಟಿಗೆ ಬೇಡವೆಂದದ್ದು

ಶೀಟಿನ ಛಾವಣಿಗೂ ಹೊಡೆಸೋಣ, ಒಳಗಿನ ಸೆಕೆ ತಗ್ಗುತ್ತದೆ ಎಂಬುದು ಮಾಲೀಕರ ಆಸೆ. ಗುತ್ತಿಗೆದಾರರಿಗೆ ಅದು ಮುಂಭಾಗಕ್ಕಿಂತ ದೊಡ್ಡ ಕೆಲಸ. ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ.

ನಲವತ್ತು ವರ್ಷದ ಶೀಟಿನ ಮೈ ಮೇಲೆ ಪಾಚಿ, ಪುಡಿ. ಫೋಮ್ ಹಿಡಿಯಬೇಕೆಂದರೆ ಅದನ್ನು ತೊಳೆಯಬೇಕು, ಉಜ್ಜಬೇಕು. ಪ್ರೆಶರ್ ವಾಷರ್ ಹಿಡಿದರೆ ಅಥವಾ ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಆಸ್ಬೆಸ್ಟಾಸ್ ಎಳೆಗಳು ಬಿಡುತ್ತವೆ. ಕೆಲಸದವರ ಎದೆಗೂ ಹೋಗುತ್ತವೆ, ಕೆಳಗಿನ ಮಷಿನ್ ಶಾಪಿಗೂ ಇಳಿಯುತ್ತವೆ. ಒಳಗಡೆಯಿಂದ, ಶೀಟಿನ ತಳಕ್ಕೆ ಹೊಡೆಯೋಣವೆಂದರೆ ಕೆಳಗೆ ವೆಲ್ಡಿಂಗ್ ನಡೆಯುವ ಜಾಗ. ಬೆಂಕಿ ತಡೆಯುವ ಹೊದಿಕೆ ಇಲ್ಲದ ಫೋಮ್ ತಲೆಯ ಮೇಲಿರುವ ಕಡೆ ಕಿಡಿ ಹಾರಿದರೆ ಬೆಂಕಿ ಎಷ್ಟು ಬೇಗ ಹರಡುತ್ತದೆ, ಹೊಗೆ ಎಷ್ಟು ವಿಷ ಎಂಬುದನ್ನು ಯಾವ ಮಾಲೀಕರೂ ಕಡೆಗಣಿಸಬಾರದು.

ಇವೆರಡಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಬೇರೆ. ಹಳೇ ಸಿಮೆಂಟ್ ಶೀಟು ತುಳಿದರೆ ಒಡೆಯುತ್ತದೆ. ಶೀಟು ಒಡೆದು ಬಿದ್ದು ಸತ್ತ ಕೆಲಸದವರ ಸುದ್ದಿ ಕೈಗಾರಿಕಾ ಪ್ರದೇಶದಲ್ಲಿ ಹೊಸದಲ್ಲ. ಬರೀ ಶೀಟು ಕಂಡರೆ ಮೇಲೆ ಹತ್ತಿದವನಿಗೆ ಭಯವಾದರೂ ಇರುತ್ತದೆ, ಹಲಗೆ ಹಾಕಿಕೊಂಡು ನಡೆಯುತ್ತಾನೆ. ಮೇಲೆ ಫೋಮ್ ಹೊಡೆದು ಬಿಳಿ ಬಳಿದರೆ ಅದು ಗಟ್ಟಿ ನೆಲದ ಹಾಗೆ ಕಾಣುತ್ತದೆ. ಐದು ವರ್ಷದ ಮೇಲೆ ಬರುವ ಹೊಸ ಹುಡುಗನಿಗೆ ಕೆಳಗಿರುವುದು ಏನೆಂದು ಹೇಗೆ ಗೊತ್ತಾಗಬೇಕು? ಮುಂದೊಂದು ದಿನ ಶೀಟು ಬದಲಿಸುವಾಗ ಫೋಮ್ ಅಂಟಿದ ಆಸ್ಬೆಸ್ಟಾಸ್ ಕಸವನ್ನು ವಿಲೇವಾರಿ ಮಾಡುವ ತಲೆನೋವು ಅದರ ಮೇಲೆ.

ಮಾಲೀಕರು ಎರಡು ದಿನ ಯೋಚಿಸಿ ಒಪ್ಪಿದರು. ಶೀಟಿನ ಛಾವಣಿಗೆ ಸದ್ಯಕ್ಕೆ ಒಡೆದ ಶೀಟು, ಹುಕ್ ಬೋಲ್ಟು, ವಾಷರ್ ಬದಲಾವಣೆ ಮಾತ್ರ. ಹಣ ಕೂಡಿದಾಗ ಪೂರ್ತಿ ತೆಗೆಸಿ, ಬೇರೆ ಕಾರ್ಖಾನೆಯಲ್ಲಿ ತಯಾರಾಗಿ ಬರುವ ಪಫ್ ಪ್ಯಾನೆಲ್ (ತಗಡುಗಳ ನಡುವೆ ಫೋಮ್ ತುಂಬಿದ ಹಲಗೆ) ಹಾಕುವುದು.

ಇಬ್ಬನಿ ಮತ್ತು ಗಾಳಿ

ಫೆಬ್ರವರಿಯಲ್ಲಿ ಫೋಮ್ ಶುರುವಾಗಬೇಕಿತ್ತು. ಡ್ರಮ್ಮುಗಳು ಬಂದಾಗ ಒಂದು ತಕರಾರು. ಕೊಟೇಶನ್ ಜೊತೆ ಕೊಟ್ಟ ಡೇಟಾ ಶೀಟಿನಲ್ಲಿ ಉಬ್ಬಿಸುವ ರಾಸಾಯನಿಕ ಎಚ್‌ಸಿಎಫ್‌ಸಿ-141ಬಿ ಎಂದಿತ್ತು. ಓಝೋನ್ ಪದರಕ್ಕೆ ಹಾನಿ ಮಾಡುವ ಆ ವಸ್ತುವಿನ ಆಮದನ್ನು ಭಾರತ 2020ರ ಜನವರಿ 1ರಿಂದ ನಿಲ್ಲಿಸಿದೆ. ಅಂದರೆ ಡೇಟಾ ಶೀಟು ಹಳೆಯದು, ಡ್ರಮ್ಮಿನಲ್ಲಿರುವುದು ಬೇರೆ. ಗುತ್ತಿಗೆದಾರರು ಮೋಸ ಮಾಡಲು ಹೊರಟಿದ್ದರೆಂದು ನಾನು ಹೇಳುವುದಿಲ್ಲ. ಹಳೇ ಫೈಲನ್ನೇ ಎಲ್ಲರಿಗೂ ಕಳಿಸುತ್ತಿದ್ದರು. ಆದರೆ ಉಬ್ಬಿಸುವ ವಸ್ತು ಬದಲಾದರೆ ಫೋಮಿನ ಶಾಖ ತಡೆಯುವ ಶಕ್ತಿಯೂ ಬದಲಾಗುತ್ತದೆ, ಬರೀ ನೀರಿನಿಂದ ಉಬ್ಬಿಸಿದ ಫೋಮಿನಲ್ಲಿ ಅದು ಕಮ್ಮಿ. ಹೊಸ ಡೇಟಾ ಶೀಟು ತರಿಸಿ, ಲೆಕ್ಕ ಮತ್ತೆ ಹಾಕಿ, ಅಳತೆ ಕೊಠಡಿಯ ಮೇಲೆ ದಪ್ಪ ಎರಡರಿಂದ ಎರಡೂವರೆ ಇಂಚಿಗೆ ಏರಿಸಿದೆವು.

ಇನ್ನೊಂದು ತಕರಾರಿಗೆ ಕೆಲಸವನ್ನೇ ನಿಲ್ಲಿಸಿದೆ. ಗನ್ ಹಿಡಿಯುವ ಹುಡುಗ ಬಟ್ಟೆಯ ಮಾಸ್ಕ್ ಹಾಕಿಕೊಂಡು ಬಂದಿದ್ದ. ಐಸೊಸಯನೇಟ್ ಆವಿ, ಮಂಜು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ತರಬಲ್ಲದು. ಒಮ್ಮೆ ಮೈ ಅದಕ್ಕೆ ಒಗ್ಗದಂತಾದರೆ ಆಮೇಲೆ ಚೂರು ಸೋಕಿದರೂ ಉಸಿರು ಕಟ್ಟುತ್ತದೆ, ಆ ಕಸುಬನ್ನೇ ಬಿಡಬೇಕಾಗುತ್ತದೆ. ಬೇರೆ ಕಡೆಯಿಂದ ಶುದ್ಧ ಗಾಳಿ ಕೊಳವೆಯಲ್ಲಿ ಬರುವ ಪೂರ್ತಿ ಮುಖದ ಮಾಸ್ಕ್, ಮೈ ಮುಚ್ಚುವ ಸೂಟು ಬರುವವರೆಗೆ ಕೆಲಸ ಇಲ್ಲವೆಂದೆ. ನಾಲ್ಕು ದಿನ ಹೋಯಿತು, ಮಾತು ಬಿಸಿಯಾಯಿತು. ಕೊನೆಗೆ ಸಲಕರಣೆಯ ಬಾಡಿಗೆ ಮಾಲೀಕರೇ ಕೊಟ್ಟರು. ಆ ತೀರ್ಮಾನಕ್ಕೆ ನಾನು ಅವರನ್ನು ಇವತ್ತಿಗೂ ಗೌರವಿಸುತ್ತೇನೆ. ಫೋಮ್ ಹೊಡೆಯುವ ದಿನ ಮೇಲಿನ ಅಂತಸ್ತು ಖಾಲಿ, ಹೊರಗಿನ ಗಾಳಿ ಎಳೆಯುವ ಫ್ಯಾನುಗಳು ಬಂದ್.

ಆಮೇಲೆ ಹವಾಮಾನದ ಜೊತೆ ಗುದ್ದಾಟ. ಫೆಬ್ರವರಿಯಲ್ಲಿ ಬೆಂಗಳೂರಿನ ತಾರಸಿ ಬೆಳಗ್ಗೆ ಇಬ್ಬನಿಯಿಂದ ತೇವವಾಗಿರುತ್ತದೆ. ಕಣ್ಣಿಗೆ ಒಣಗಿದಂತೆ ಕಂಡರೂ ಸಾಲದು. ಸ್ಲ್ಯಾಬಿನ ಮೈ ಇಬ್ಬನಿ ಕಟ್ಟುವ ಉಷ್ಣಾಂಶಕ್ಕಿಂತ ಕನಿಷ್ಠ ಮೂರು ಡಿಗ್ರಿ ಮೇಲಿರಬೇಕು. ಅದು ಆಗುವುದು ಒಂಬತ್ತೂವರೆಯ ಮೇಲೆ. ಮಧ್ಯಾಹ್ನ ಗಾಳಿ ಏಳುತ್ತದೆ. ಗಾಳಿಯಲ್ಲಿ ಹೊಡೆದರೆ ಫೋಮಿನ ಮಂಜು ತುಂಬ ದೂರ ಹಾರಿ ಹೋಗಿ, ಕೂತಲ್ಲಿ ಗಟ್ಟಿಯಾಗಿ ಅಂಟುತ್ತದೆ.

ಎರಡನೆಯ ದಿನ ಅದೇ ಆಯಿತು. ಇನ್ನೊಂದು ಹತ್ತು ಚದರ ಮುಗಿಸಿಬಿಡೋಣವೆಂದು ಗುತ್ತಿಗೆದಾರರು ಮೂರು ಗಂಟೆಯವರೆಗೆ ಎಳೆದರು. ಪಕ್ಕದ ಕಾರ್ಖಾನೆಯ ಅಂಗಳದಲ್ಲಿ ನಿಂತ ಕಾರುಗಳ ಮೇಲೆ ಉಪ್ಪಿನ ಕಾಳಿನಂತೆ ಫೋಮ್ ಕೂತಿತು. ಉಜ್ಜಿದರೆ ಪೇಂಟೂ ಬರುತ್ತದೆ. ಪಾಲಿಶ್ ಮಾಡಿಸುವ ಖರ್ಚು ಗುತ್ತಿಗೆದಾರರ ತಲೆಗೆ ಬಂತು. ಮರುದಿನದಿಂದ ತಾರಸಿಯ ಅಂಚಿಗೆ ಎಂಟಡಿ ಎತ್ತರದ ಗಾಳಿಪರದೆ ಬಂತು, ಒಂದು ಗಂಟೆಗೆ ಗನ್ ಕೆಳಗೆ. ಇಬ್ಬನಿ ಆರುವುದಕ್ಕೂ ಗಾಳಿ ಏಳುವುದಕ್ಕೂ ನಡುವೆ ದಿನಕ್ಕೆ ಮೂರೂವರೆ ಗಂಟೆ ಸಿಕ್ಕಿದರೆ ಹೆಚ್ಚು. ಕೆಲಸದ ಅವಧಿಯನ್ನು ಈ ಲೆಕ್ಕದಲ್ಲಿ ಹಾಕುವ ಕೊಟೇಶನ್ನನ್ನು ನಾನು ಇನ್ನೂ ನೋಡಿಲ್ಲ.

ಒಣಗದ ಮೂಲೆ

ಪ್ರಕರಣ ಅತ್ತಿತ್ತ ತೂಗಿದ್ದು ವಾಯವ್ಯ ಮೂಲೆಯಲ್ಲಿ. ಅಲ್ಲಿ ನೀರಿನ ಟ್ಯಾಂಕಿನ ನೆರಳು ದಿನವಿಡೀ ಬೀಳುತ್ತಿತ್ತು. ಸ್ಲ್ಯಾಬಿನ ತೇವ ನೋಡಲು ಸರಳ ವಿಧಾನವೊಂದಿದೆ: ಒಂದೂವರೆ ಅಡಿ ಚೌಕದ ಪಾಲಿಥೀನ್ ಹಾಳೆಯನ್ನು ನಾಲ್ಕೂ ಕಡೆ ಟೇಪಿನಲ್ಲಿ ಅಂಟಿಸಿ ಹದಿನಾರು ಗಂಟೆ ಬಿಡುವುದು. ತೆಗೆದಾಗ ಹಾಳೆಯ ಒಳಮೈಯಲ್ಲಿ ಹನಿ ಇದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ಒಳಗೆ ಇನ್ನೂ ನೀರಿದೆ. ಉಳಿದ ತಾರಸಿ ಪಾಸಾಯಿತು, ಆ ಮೂಲೆ ಆಗಲಿಲ್ಲ.

ಆಡಿಟ್ ಹತ್ತಿರ ಬರುತ್ತಿತ್ತು. ಗುತ್ತಿಗೆದಾರರು ಗ್ಯಾಸ್ ಟಾರ್ಚ್ ಹಿಡಿದು ಒಂದು ಗಂಟೆಯಲ್ಲಿ ಒಣಗಿಸಿಕೊಡುತ್ತೇವೆ ಎಂದರು. ಟಾರ್ಚಿನ ಬಿಸಿ ಮೇಲ್ಮೈಯನ್ನಷ್ಟೇ ಒಣಗಿಸುತ್ತದೆ. ಒಳಗಿನ ತೇವ ಕೆಲವೇ ಗಂಟೆಯಲ್ಲಿ ಮತ್ತೆ ಮೇಲೆ ಬರುತ್ತದೆ. ಇದನ್ನು ಬಾಯಲ್ಲಿ ಹೇಳಿ ಗೆಲ್ಲಲಾಗದೆಂದು, ಆ ಮೂಲೆಯ ಎರಡಡಿ ಚೌಕವನ್ನು ಟಾರ್ಚಿನಿಂದ ಒಣಗಿಸಿ ಪ್ರೈಮರ್ ಬಳಿದು ಫೋಮ್ ಹೊಡೆಸಿದೆವು. ಪಕ್ಕದ ಒಣ ಜಾಗದಲ್ಲಿ ಇನ್ನೊಂದು ಚೌಕ. ಮರುದಿನ ಎರಡನ್ನೂ ಚಾಕುವಿನಲ್ಲಿ ಸುತ್ತ ಕೊಯ್ದು ಎಳೆದೆವು. ಒಣ ಜಾಗದ್ದು ಬುಡದಿಂದ ಏಳಲಿಲ್ಲ, ಫೋಮೇ ನಡುವೆ ಹರಿದು ಅರ್ಧ ಸ್ಲ್ಯಾಬಿಗೇ ಅಂಟಿಕೊಂಡು ಉಳಿಯಿತು. ಹಾಗೆಯೇ ಹರಿಯಬೇಕು. ಟಾರ್ಚಿನ ಜಾಗದ್ದು ಇಡಿಯಾಗಿ ಎದ್ದು ಬಂತು. ತಳ ನುಣ್ಣಗೆ ಹೊಳೆಯುತ್ತಿತ್ತು, ಮೈ ತುಂಬ ಕಡಲೆ ಗಾತ್ರದ ಟೊಳ್ಳು. ಮೇಸ್ತ್ರಿ ಅದನ್ನು ಕೈಯಲ್ಲಿ ಹಿಡಿದು ಮಾಲೀಕರಿಗೆ, "ನೋಡಿ ಮೇಡಂ, ಇದು ಮಳೆಗಾಲದಲ್ಲಿ ನಮ್ ತಲೆ ಮೇಲೆ ಇರ್ತಿತ್ತು" ಎಂದರು.

ಮೂಲೆಯನ್ನು ಬಿಟ್ಟೇ ಉಳಿದದ್ದನ್ನು ಮುಗಿಸಿದೆವು. ಆಡಿಟಿಗೆ ಬಂದವರಿಗೆ ಮಾಲೀಕರು ಆ ಮೂಲೆಯನ್ನೂ ತೋರಿಸಿ, ಯಾಕೆ ಬಾಕಿ ಎಂದು ವಿವರಿಸಿದರು. ಮೂರು ವಾರದ ನಂತರ, ಪಾಲಿಥೀನ್ ಹಾಳೆ ಒಣಗಿ ಬಂದ ಮೇಲೆ, ಮೂಲೆಗೂ ಹೊಡೆದರು.

ಕೋಟಿಂಗ್

ಫೋಮಿನ ಮೈ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ತರಿತರಿಯಾಗಿ ಬರಬೇಕು. ಗನ್ ಸರಿಯಾಗಿ ಹಿಡಿಯದ ಕಡೆ, ಗಾಳಿ ತಗುಲಿದ ಕಡೆ ಅದು ಮಂಡಕ್ಕಿ ಅಂಟಿಸಿದ ಹಾಗೆ ಬರುತ್ತದೆ. ಅಂಥ ಮೈಯ ಸಂದುಗಳಿಗೆ ಕೋಟಿಂಗ್ ಇಳಿಯುವುದಿಲ್ಲ, ಎಷ್ಟು ಬಳಿದರೂ ಸಾಲದು. ಎರಡನೆಯ ದಿನದ ಗಾಳಿಯಲ್ಲಿ ಹೊಡೆದ ಭಾಗ ಹೀಗೆಯೇ ಇತ್ತು. ಅದನ್ನು ಕೆತ್ತಿಸಿ ಮತ್ತೆ ಹೊಡೆಸಿದೆವು.

ಕೋಟಿಂಗಿಗೆ ಅಕ್ರಿಲಿಕ್ಕೋ ಸಿಲಿಕೋನೋ ಎಂಬ ಚರ್ಚೆ ದೀರ್ಘವಾಗಲಿಲ್ಲ. ಅಕ್ರಿಲಿಕ್ ಅಗ್ಗ, ಆದರೆ ನಿಂತ ನೀರಿಗೆ ಮೆತ್ತಗಾಗುತ್ತದೆ. ಫೋಮಿನಲ್ಲೇ ಪೈಪಿನ ಬಾಯಿ ಕಡೆಗೆ ವಾಟ ಕೊಟ್ಟಿದ್ದರೂ ಹಳೇ ಸ್ಲ್ಯಾಬ್ ನಡುವೆ ಸ್ವಲ್ಪ ಬಾಗಿತ್ತು. ಸಿಲಿಕೋನ್ ಎಂದು ನಿರ್ಧಾರವಾಯಿತು. ಮೊದಲ ಕೋಟು ಬೂದು ಬಣ್ಣ, ಎರಡನೆಯದು ಬಿಳಿ. ಬಿಳಿಯ ನಡುವೆ ಬೂದು ಕಂಡರೆ ಅಲ್ಲಿ ಕೋಟು ತೆಳುವಾಗಿದೆ ಎಂದು ಯಾರು ಬೇಕಾದರೂ ಹೇಳಬಹುದು. ಫೋಮ್ ಹೊಡೆದ ಜಾಗಕ್ಕೆ ಮರುದಿನದೊಳಗೆ ಮೊದಲ ಕೋಟು ಬೀಳಬೇಕು ಎಂಬ ಷರತ್ತು ಹಾಕಿದ್ದೆವು. ಪ್ಯಾರಪೆಟ್ಟಿನ ಮೇಲೆ ಆರು ಇಂಚು ಫೋಮ್ ಹತ್ತಿಸಿ, ಸ್ಲ್ಯಾಬೂ ಗೋಡೆಯೂ ಕೂಡುವ ಮೂಲೆಯನ್ನು ದುಂಡಗೆ ಮಾಡಿದೆವು. ಸೋಲಾರ್ ಪ್ಯಾನೆಲ್ ಹಾಕಿಸುವ ಯೋಚನೆ ಮಾಲೀಕರಿಗಿದೆ ಎಂದು ಕೇಳಿ ತಿಳಿದದ್ದು ಒಳ್ಳೆಯದಾಯಿತು. ಸ್ಟ್ಯಾಂಡುಗಳ ಕಾಲಿಗೆ ಬೇಕಾದ ಕಾಂಕ್ರೀಟ್ ಪೆಡೆಸ್ಟಲ್‌ಗಳನ್ನು ಫೋಮಿಗೆ ಮೊದಲೇ ಎಬ್ಬಿಸಿದೆವು. ಮುಗಿದ ಫೋಮಿನ ಮೇಲೆ ಡ್ರಿಲ್ಲಿಂಗ್ ಮಷಿನ್ ಹಿಡಿದುಕೊಂಡು ಬರುವ ಸೋಲಾರ್ ಹುಡುಗರು ಹಾಳು ಮಾಡಿದ ಛಾವಣಿಗಳನ್ನು ಬೇರೆಡೆ ನೋಡಿದ್ದೇನೆ.

ಕಟ್ಟಡದ ಎರಡು ಭಾಗ ಕೂಡುವಲ್ಲಿ ಎಕ್ಸ್‌ಪ್ಯಾನ್ಶನ್ ಜಾಯಿಂಟ್ ಇತ್ತು. 'ಫೋಮ್ ಎಲ್ಲ ಮುಚ್ಚಿಬಿಡುತ್ತೆ ಸಾರ್' ಎಂದರು ಗುತ್ತಿಗೆದಾರರು. ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವ ಜಾಗವನ್ನು ಗಟ್ಟಿ ಫೋಮಿನಿಂದ ಮುಚ್ಚಿದರೆ ಅದು ಸೀಳದೆ ಇರುವುದಿಲ್ಲ. ಜಾಯಿಂಟಿನ ಎರಡೂ ಪಕ್ಕ ಸಣ್ಣ ಕಟ್ಟೆ ಎಬ್ಬಿಸಿ, ಫೋಮನ್ನು ಅಲ್ಲಿಗೇ ನಿಲ್ಲಿಸಿ, ಮೇಲೆ ರಬ್ಬರ್ ಪಟ್ಟಿ ಮತ್ತು ತಗಡಿನ ಟೋಪಿ ಹಾಕಿಸಿದೆವು. ಪ್ಯಾರಪೆಟ್ ಹತ್ತಿರದ ಒಂದಡಿ ಉದ್ದದಲ್ಲಿ ಮಾತ್ರ, ಕಟ್ಟೆ ಕಟ್ಟಲು ಜಾಗ ಇಕ್ಕಟ್ಟೆಂದು, ಯಾರಿಗೂ ಹೇಳದೆ ಫೋಮಿನಲ್ಲೇ ಮುಚ್ಚಿಬಿಟ್ಟಿದ್ದರು.

ಏನಾಯಿತು

2022ರ ಮಳೆಗಾಲ ಯಾರೂ ಕೇಳಿಕೊಳ್ಳದ ಪರೀಕ್ಷೆ. ಆ ವರ್ಷ ಬೆಂಗಳೂರಿನಲ್ಲಿ 2017ರ 1,696 ಮಿ.ಮೀ. ದಾಖಲೆಯನ್ನೂ ಮೀರಿ ಮಳೆ ಸುರಿಯಿತು. ಔಟರ್ ರಿಂಗ್ ರೋಡಿನ ಐಟಿ ಕಂಪನಿಗಳ ಅಂಗಳದಲ್ಲಿ ನೀರು ನಿಂತ ಸೆಪ್ಟೆಂಬರಿನ ಹುಬ್ಬೆ ಮಳೆಯಲ್ಲಿ ಅಳತೆ ಕೊಠಡಿಗೆ ಒಂದು ಹನಿಯೂ ಇಳಿಯಲಿಲ್ಲ. ಅದಕ್ಕೆ ಮೊದಲು, ಆಗಸ್ಟಿನಲ್ಲಿ, ಪ್ಯಾಕಿಂಗ್ ಕಡೆಯ ಮೂಲೆಯಲ್ಲಿ ಮಾತ್ರ ಒದ್ದೆ ಕಂಡಿತ್ತು. ಹುಡುಕಿದರೆ ಜಾಯಿಂಟಿನ ಆ ಒಂದಡಿ. ಬೇಸಿಗೆಗೇ ಕೂದಲೆಳೆಯಷ್ಟು ಸೀಳಿತ್ತು. ಕತ್ತರಿಸಿ ತೆಗೆದು, ಕಟ್ಟೆಯನ್ನು ಪ್ಯಾರಪೆಟ್ಟಿನವರೆಗೂ ಒಯ್ದು ಮುಗಿಸಿದರು. ಫೋಮಿನ ಒಂದು ಒಳ್ಳೆಯ ಗುಣ ಅಲ್ಲಿ ಕೆಲಸಕ್ಕೆ ಬಂತು: ನೀರು ಒಳಗೊಳಗೇ ಅಡ್ಡಕ್ಕೆ ಹರಿದು ಹೋಗುವುದಿಲ್ಲ, ಸೀಳಿದ ಜಾಗದ ಕೆಳಗೇ ತೊಟ್ಟಿಕ್ಕುತ್ತದೆ. ಹಾಗಾಗಿ ತೂತು ಹುಡುಕಲು ಒಂದು ಮಧ್ಯಾಹ್ನ ಸಾಕಾಯಿತು.

ಏಪ್ರಿಲ್ ಮಧ್ಯಾಹ್ನದಲ್ಲಿ ಕೈ ಇಟ್ಟರೆ ಬೆಚ್ಚಗೆ ತಾಗುತ್ತಿದ್ದ ಅಳತೆ ಕೊಠಡಿಯ ಸೀಲಿಂಗ್ ಈಗ ಗೋಡೆಯಷ್ಟೇ ತಂಪು. ಅಲ್ಲಿನ ಏಸಿಗಳಲ್ಲಿ ಒಂದನ್ನು ಬೇರೆ ಕೊಠಡಿಗೆ ಸಾಗಿಸಿದ್ದಾರೆ. ವಿದ್ಯುತ್ ಬಿಲ್ಲಿನ ಉಳಿತಾಯ ಇಷ್ಟೆಂದು ಹೇಳಲು ನಾನು ಒಪ್ಪುವುದಿಲ್ಲ, ಯಾಕೆಂದರೆ ಅದೇ ವರ್ಷ ಹೊಸ ಮಷಿನ್ನುಗಳೂ ಬಂದವು. ಇಡೀ ಕೆಲಸದ ಖರ್ಚು, ಕೀಳಿಸಿದ್ದೂ ಸೇರಿ, ಮೆಂಬ್ರೇನ್ ಕೊಟೇಶನ್ನಿನ ಎರಡೂಕಾಲು ಪಟ್ಟಾಯಿತು.

ಮುಗಿದ ಮೇಲಿನ ತೊಂದರೆಗಳು ಬಂದದ್ದು ಮನುಷ್ಯರಿಂದ ಮತ್ತು ಕಾಗೆಗಳಿಂದ. ಕಾಗೆಗಳು ಟ್ಯಾಂಕಿನ ಹತ್ತಿರ ಕೋಟಿಂಗ್ ಕುಕ್ಕಿ ಫೋಮಿನವರೆಗೆ ತೂತು ಮಾಡಿದ್ದವು. ಸಿಲಿಕೋನ್ ಸೀಲೆಂಟ್ ಹಚ್ಚಿದರೆ ಮುಗಿಯುವ ಕೆಲಸ. ಏಸಿ ರಿಪೇರಿಯವರು ಔಟ್‌ಡೋರ್ ಯೂನಿಟ್ಟನ್ನು ಎಳೆದಾಡಿ ಒಂದು ಗೆರೆ ಕೊಯ್ದಿದ್ದರು. ಗಂಭೀರವಾದದ್ದು ಇನ್ನೊಂದು: ಡಕ್ಟ್ ರಿಪೇರಿಗೆ ಬಂದವರು ತಾರಸಿಯ ಮೇಲೆ ವೆಲ್ಡಿಂಗ್ ಶುರು ಮಾಡಲು ಹೊರಟಿದ್ದನ್ನು ಮೇಸ್ತ್ರಿ ನೋಡಿ ತಡೆದರು. ಕೆಳಗಿರುವುದು ಉರಿಯುವ ವಸ್ತು ಎಂದು ಬಂದವರಿಗೆ ಗೊತ್ತೇ ಇರಲಿಲ್ಲ. ಈಗ ತಾರಸಿಯ ಬಾಗಿಲಿಗೆ ಬೀಗ, ಕೀಲಿ ಮೇಸ್ತ್ರಿಯ ಹತ್ತಿರ, ಬಾಗಿಲ ಮೇಲೆ ಕನ್ನಡ ಮತ್ತು ಹಿಂದಿಯಲ್ಲಿ ಬೋರ್ಡು: ವೆಲ್ಡಿಂಗ್, ಕಟಿಂಗ್ ಇಲ್ಲ, ಓಡಾಟಕ್ಕೆಂದು ಗುರುತಿಸಿದ ಬೂದು ದಾರಿ ಬಿಟ್ಟು ನಡೆಯಬೇಡಿ.

ಬೇರೆ ಕಟ್ಟಡದವರಿಗೆ

ಇದೇ ಪ್ರಶ್ನೆ ಹಿಡಿದು ಬರುವವರಿಗೆ ನಾನು ಈಗ ಕೊಟೇಶನ್ ನೋಡುವ ಮೊದಲೇ ತಾರಸಿ ಕೊರೆಸಲು ಹೇಳುತ್ತೇನೆ. ನಾಲ್ಕೈದು ಗುಂಡಿಯ ಖರ್ಚು ಏನೂ ಅಲ್ಲ. ಕೊರೆಯಲು ಬೇಡವೆನ್ನುವ ಗುತ್ತಿಗೆದಾರರ ಜೊತೆ ಮಾತು ಅಲ್ಲಿಗೇ ನಿಲ್ಲಿಸಬಹುದು. ಒಪ್ಪಂದದಲ್ಲಿ ಫೋಮಿನ ಸಾಂದ್ರತೆ, ದಪ್ಪ, ಕೋಟಿಂಗಿನ ಒಣಗಿದ ಮೇಲಿನ ದಪ್ಪ, ಇವಿಷ್ಟೂ ಸಂಖ್ಯೆಯಲ್ಲಿ ಇರಬೇಕು. 'ಹತ್ತು ವರ್ಷ ಗ್ಯಾರಂಟಿ' ಎಂಬ ಸಾಲು ಇವುಗಳ ಬದಲಿಗೆ ಬರಲು ಬಿಡಬೇಡಿ. ಸ್ಪ್ರೇ ಮಾಡುವ ಪದ್ಧತಿಗೆ ಭಾರತೀಯ ಮಾನದಂಡವೇ ಇದೆ, ಐಎಸ್ 12432ರ ಮೂರನೇ ಭಾಗ. ಅದನ್ನು ಓದಿದ್ದೀರಾ ಎಂದು ಕೇಳುವುದರಲ್ಲಿ ಮುಜುಗರವೇನಿಲ್ಲ. ಒಣಗಲು ಸಮಯ ಸಾಕಾಗದೆ ಇದ್ದರೆ ಆ ವರ್ಷ ಟಾರ್ಪಾಲು ಹೊದಿಸಿ ದೂಡಿ, ಮುಂದಿನ ಫೆಬ್ರವರಿಗೆ ಮಾಡಿ. ಆಡಿಟ್ ತಾರೀಖಿಗೆ ಸ್ಲ್ಯಾಬ್ ಒಣಗುವುದಿಲ್ಲ.

ಈ ಕಾರ್ಖಾನೆಯ ತಾರಸಿಯನ್ನು ಮೇಸ್ತ್ರಿ ವರ್ಷಕ್ಕೆರಡು ಸಲ, ಮುಂಗಾರಿಗೆ ಮೊದಲು ಮತ್ತು ದೀಪಾವಳಿ ಕಳೆದ ಮೇಲೆ, ನಡೆದು ನೋಡಿ ಒಂದು ನೋಟ್‌ಬುಕ್ಕಿನಲ್ಲಿ ನಕ್ಷೆಯ ಮೇಲೆ ಗುರುತು ಹಾಕುತ್ತಾರೆ. ಅವರು ಇನ್ನೆರಡು ವರ್ಷಕ್ಕೆ ನಿವೃತ್ತರಾಗುತ್ತಾರೆ. ಹೊಸಬನೊಬ್ಬನನ್ನು ಈಗಿನಿಂದಲೇ ಅವರ ಜೊತೆ ಹತ್ತಿಸಿ ಎಂದು ಮಾಲೀಕರಿಗೆ ಬರೆದಿದ್ದೇನೆ. ಸಿಲಿಕೋನ್ ತೆಳುವಾಗುವುದಕ್ಕೆ ಮೊದಲೇ, ಹತ್ತನೆಯ ವರ್ಷದ ಹೊತ್ತಿಗೆ, ಮತ್ತೊಂದು ಕೋಟು ಬಳಿಸಬೇಕಾಗುತ್ತದೆ. ಅದಕ್ಕೆ ಈಗಿನಿಂದಲೇ ವರ್ಷವರ್ಷ ಹಣ ತೆಗೆದಿಡುತ್ತಿದ್ದಾರೆ. ಮಷಿನ್ ಶಾಪಿನ ಸಿಮೆಂಟ್ ಶೀಟು ಇನ್ನೂ ಹಾಗೆಯೇ ಇದೆ. ಪ್ಯಾನೆಲ್‌ಗೆ ಹೊಸ ಕೊಟೇಶನ್ ತರಿಸಿದ್ದಾರೆ, ಹಳೇ ಶೀಟುಗಳನ್ನು ಒಡೆಯದೆ ಇಳಿಸಿ ಸಾಗಿಸುವ ಖರ್ಚನ್ನು ಅದರಲ್ಲಿ ಬೇರೆಯಾಗಿ ತೋರಿಸಲು ಕೇಳಿದ್ದೇವೆ.